ಒಂಬತ್ತು ಓಟು ಕಮ್ಮಿ ಎಂದವರು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಮ್ಮ ಲೇಔಟಿನವರಿಗೆ ನಾಲ್ಕು ಸಾಲು ಓದುವಷ್ಟರಲ್ಲಿ ಯಾರೆಂದು ತಿಳಿದುಹೋಗುತ್ತದೆ. ಹೊರಗಿನವರಿಗೆ ತಿಳಿಯಬೇಕಾಗಿಲ್ಲ. ಹೆಸರು ಹಾಕಿದರೆ ಅದರ ಪಕ್ಕದಲ್ಲೇ ನಾನು ಅವರಿಗೆ ಅಂದ ಮಾತೂ ಅಚ್ಚಾಗುತ್ತದೆ. ಆ ಮಾತನ್ನು ಏಳೆಂಟು ಜನರ ಮುಂದೆ ಒಂದು ಸಲ ಅಂದದ್ದೇ ಸಾಕು.

ನಾನು ಬಿಳೇಕಹಳ್ಳಿ ಕಡೆಯ ಹಳೇ ಊರಿನವನು. ನಮ್ಮ ತಂದೆಯ ಹೊಲವಿದ್ದ ಜಾಗದಲ್ಲೇ ಈಗ ಲೇಔಟಿನ ಮೂರು ಕ್ರಾಸುಗಳಿವೆ. ಓದಿದ್ದು ಎಸ್ಸೆಸ್ಸೆಲ್ಸಿ. ಸಂಘದ ವಾರ್ಷಿಕ ಸಂಚಿಕೆಯಲ್ಲಿ ನನ್ನ ಫೋಟೋ ಕೆಳಗೆ ಒಂದು ಪುಟ ಬರುತ್ತದಲ್ಲ, ಅದನ್ನು ಬರೆಯುವವರು ಕಾರ್ಯದರ್ಶಿಗಳು. ನಾನು ಸಹಿ ಹಾಕುತ್ತೇನೆ ಅಷ್ಟೆ. ಈ ಸಲದ್ದನ್ನು ನಾನೇ ಕೂತು ಬರೆದಿದ್ದೇನೆ. ತಪ್ಪುಗಳಿದ್ದರೆ ತಿದ್ದಿ, ಅರ್ಥ ಮಾತ್ರ ತಿದ್ದಬೇಡಿ ಎಂದು ಅವರಿಗೆ ಹೇಳಿದ್ದೇನೆ.

ಪಾರ್ಕಿನಲ್ಲಿ ಎಲ್ಲರೂ ಅವರನ್ನು ಮೀಟರ್ ಸಾರ್ ಎನ್ನುತ್ತಿದ್ದರು. ಕರೆಂಟ್ ಆಫೀಸಿನಲ್ಲಿ ಮೂವತ್ತು ವರ್ಷ ಮೀಟರ್ ರೀಡರ್ ಆಗಿದ್ದವರು. ಗೋಡೆಯ ಮೇಲಿನ ಮೀಟರುಗಳನ್ನು ನೋಡಿ ನೋಡಿ ಅವರ ಕತ್ತು ಸ್ವಲ್ಪ ಮೇಲಕ್ಕೇ ನಿಂತುಬಿಟ್ಟಿತ್ತು. ಹೊಸಬರು ಅದನ್ನು ಜಂಬ ಅಂದುಕೊಳ್ಳುತ್ತಿದ್ದರು. ನಾನೂ ಕೆಲವು ದಿನ ಹಾಗೇ ಅಂದುಕೊಂಡಿದ್ದೆ. ಯಾರ ಮನೆಗೆ ಹೋದರೂ ಬೆಲ್ ಒತ್ತುತ್ತಿರಲಿಲ್ಲ. ಕಾಂಪೌಂಡಿನ ಮೇಲೆ ಒಂದು ಕೈ ಇಟ್ಟು, "ಯಾರಿದೀರಿ ಮನೇಲಿ" ಎಂದು ಕರೆಯುತ್ತಿದ್ದರು. ಹೊರಗೆ ಬರುವಾಗ ಗೇಟಿನ ಚಿಲಕ ಹಾಕಿ, ಹಾಕಿದ ಮೇಲೆ ಒಂದು ಸಲ ಅಲ್ಲಾಡಿಸಿ ನೋಡುತ್ತಿದ್ದರು.

ಅವರು ನನ್ನ ಕಣ್ಣಿಗೆ ಬಿದ್ದದ್ದು ಅಮೆರಿಕದ ಅಧ್ಯಕ್ಷರ ಚುನಾವಣೆ ತೀರಾ ಬಿಗಿಯಾಗಿದ್ದ ವರ್ಷ. ಬೆಳಿಗ್ಗೆ ಆರೂವರೆಗೆ ಕಲ್ಲುಬೆಂಚಿನ ಮೇಲೆ ಏಳೆಂಟು ಜನ ಕೂತರೆಂದರೆ, ಅಲ್ಲಿಯ ಒಂದೊಂದು ರಾಜ್ಯವನ್ನೂ ಇದು ಇವರಿಗೆ, ಇದು ಅವರಿಗೆ ಎಂದು ಹಂಚಿ ಮುಗಿಸುತ್ತಿದ್ದರು. ಒಬ್ಬರಿಗೆ ಟೀವಿ ಹೇಳಿತ್ತು, ಇನ್ನೊಬ್ಬರಿಗೆ ಮೊಬೈಲು. ಮೀಟರ್ ಸಾರ್ ಮಾತ್ರ ಸುಮ್ಮನೆ ಕೇಳುತ್ತಿದ್ದರು.

"ಏನ್ ಮೀಟರ್ ಸಾರ್, ನೀವೂ ಹೇಳಿ. ಯಾರ್ ಬರ್ತಾರೆ?"

"ನಾನು ಆ ಮನೆಗಳಿಗೆ ಹೋಗಿಲ್ಲ ಸಾರ್."

"ನಾವೇನು ಹೋಗಿದೀವಾ?"

"ಅದಕ್ಕೇ ಕೇಳ್ತಾ ಕೂತಿದೀನಿ."

ಎಲ್ಲರೂ ನಕ್ಕರು. ನಾನು ಮಾತ್ರ, ಈ ಮನುಷ್ಯನಿಗೆ ಏನೋ ಗೊತ್ತಿದೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ. ಆಗ ನಮ್ಮ ಸಂಘದ ಅಧ್ಯಕ್ಷರ ಚುನಾವಣೆಯೂ ಹತ್ತಿರವಿತ್ತು, ನಾನು ನಿಂತಿದ್ದೆ.

ನಮ್ಮಲ್ಲಿ ಸೈಟಿನ ಖಾತೆ ಯಾರ ಹೆಸರಲ್ಲಿದೆಯೋ ಅವರಿಗೆ ಒಂದು ಓಟು. ಬಾಡಿಗೆಗೆ ಇರುವವರಿಗೆ ಓಟಿಲ್ಲ. ಎದುರಿಗೆ ನಿಂತವರು ಬಸವನಗುಡಿಯಿಂದ ಬಂದು ಮನೆ ಕಟ್ಟಿಸಿದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಎಲ್ಲ ಕ್ರಾಸುಗಳಿಗೂ ಗೇಟು ಹಾಕಿಸಿ, ಹೊರಗಿನ ಗಾಡಿಗಳನ್ನು ನಿಲ್ಲಿಸುತ್ತೇನೆ ಎನ್ನುವುದು ಅವರ ಮಾತು. ರಸ್ತೆ ಮುಚ್ಚಿದರೆ ಹಳೇ ಊರಿನ ಅಂಗಡಿಗಳು ಬಾಗಿಲು ಹಾಕಬೇಕಾಗುತ್ತದೆ. ಗೇಟು ಬೇಡ, ಮೊದಲು ಮೋರಿ ಸರಿ ಮಾಡಿಸೋಣ ಎನ್ನುವುದು ನನ್ನ ಮಾತು. ಸೈಟು ಕೊಂಡು ಬಂದವರೆಲ್ಲ ಹೆಚ್ಚುಕಮ್ಮಿ ಮ್ಯಾನೇಜರ ಕಡೆ, ಊರಿನವರು ನನ್ನ ಕಡೆ. ನಡುವೆ ಮೂವತ್ತು ನಲವತ್ತು ಮನೆಗಳು ಯಾವ ಕಡೆ ಎಂದು ದೇವರಿಗೂ ಗೊತ್ತಿರಲಿಲ್ಲ.

ಮೀಟರ್ ಸಾರ್ ಸೈಟು ಕೊಂಡು ಬಂದವರು. ಆದರೂ ಒಂದು ದಿನ ಅವರಾಗಿಯೇ, "ಯಜಮಾನ್ರೇ, ನಿಮ್ಮ ಜೊತೆ ಮನೆ ಮನೆಗೆ ನಾನೂ ಬರ್ಲಾ?" ಎಂದು ಕೇಳಿದರು. ಯಾಕೆ ಸಾರ್ ಎಂದೆ. "ಮೂವತ್ತು ವರ್ಷ ಬೇರೆಯವರ ಗೇಟ್ ತೆಗೆಸ್ಕೊಂಡೇ ಅನ್ನ ತಿಂದೋನು ನಾನು. ರಸ್ತೆಗೂ ಗೇಟ್ ಹಾಕಿದ್ರೆ ಹೇಗೆ?" ಎಂದರು. ಇಷ್ಟೇನಾ ಕಾರಣ, ಇನ್ನೇನೋ ಇರಬೇಕು ಎಂದು ನನಗೆ ಅವತ್ತೇ ಅನ್ನಿಸಿತು. ಒಬ್ಬ ಮನುಷ್ಯ ಒಂದೇ ಕಾರಣಕ್ಕೆ ಒಂದು ಕೆಲಸ ಮಾಡುತ್ತಾನೆ ಎನ್ನುವುದನ್ನು ನಾನು ಆವರೆಗೆ ನಂಬಿದವನಲ್ಲ.

ಅವರು ಓಟು ಅಂದಾಜು ಮಾಡುತ್ತಿದ್ದ ರೀತಿಯನ್ನು ಹೇಳಬೇಕು. ಯಾರನ್ನೂ "ಯಾರಿಗೆ ಹಾಕ್ತೀರಿ" ಎಂದು ಕೇಳುತ್ತಿರಲಿಲ್ಲ. ನೀರು ಬಂತಾ, ನಾಯಿ ಕಾಟ ಹೇಗಿದೆ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ, ಇಷ್ಟೇ. ಮೂರನೇ ಕ್ರಾಸಿನ ಒಬ್ಬರು ಗೇಟಿನ ತನಕ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು, "ನಿಮಗಲ್ದೆ ಇನ್ಯಾರಿಗೆ ಹಾಕೋಣ, ನೀವೇ ಅಧ್ಯಕ್ಷರು ಬಿಡಿ" ಎಂದರು. ರಸ್ತೆಗೆ ಬಂದ ಮೇಲೆ ನಾನು, "ಇದೊಂದು ಗ್ಯಾರಂಟಿ ಸಾರ್" ಎಂದೆ.

"ಅದು ಆ ಕಡೆಗೆ."

"ಕೈ ಹಿಡ್ಕೊಂಡ್ರಲ್ಲ."

"ಹಿಡ್ಕೊಂಡಿದ್ದಕ್ಕೇ ಹೇಳಿದ್ದು. ಅವರಿಗೆ ನಮ್ಮನ್ನ ಬೇಗ ಕಳಿಸ್ಬೇಕಿತ್ತು."

ಅದರ ಮುಂದಿನ ಮನೆಯ ಅಜ್ಜಿ ನಮ್ಮನ್ನು ಕಂಡ ಕೂಡಲೇ ಬೈಯಲು ಶುರುಮಾಡಿದರು. ಮೋರಿ ಉಕ್ಕಿ ಬಾಗಿಲಿಗೆ ಬಂದಾಗ ಎಲ್ಲಿದ್ರಿ, ಓಟು ಅಂದ ತಕ್ಷಣ ಕೈ ಮುಗಿಯೋಕೆ ನಾಚ್ಕೆ ಆಗಲ್ವಾ, ಹೀಗೆ. ನಾನು ತಲೆ ತಗ್ಗಿಸಿಕೊಂಡು ಹೊರಟರೆ ಮೀಟರ್ ಸಾರ್ ಚಿಲಕ ಅಲ್ಲಾಡಿಸುತ್ತಾ ಹೇಳಿದರು: "ಇದು ನಿಮ್ಮದು. ಬೈಯೋಷ್ಟು ತಲೆ ಕೆಡಿಸ್ಕೊಂಡಿದಾರೆ. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಸಾಲಲ್ಲಿ ನಿಲ್ತಾರೆ ನೋಡಿ."

ಅವರು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಸಂಜೆ ಮನೆಗೆ ಹೋಗುವ ಮುನ್ನ ಮನೆ ನಂಬರುಗಳನ್ನು ಬಾಯಲ್ಲೇ ಒಪ್ಪಿಸುತ್ತಿದ್ದರು. ಹದಿನೇಳು ನಮ್ಮದು, ಹದಿನೆಂಟು ನಮ್ಮದು, ಹತ್ತೊಂಬತ್ತು ಆಚೆ, ಇಪ್ಪತ್ತರವರು ಊರಲ್ಲಿಲ್ಲ. ಅರ್ಧ ಸಮಾಚಾರ ಅವರಿಗೆ ಬಾಡಿಗೆದಾರರಿಂದ ಸಿಗುತ್ತಿತ್ತು. ಅದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

"ಅವರ ಹತ್ರ ಏನ್ ಸಾರ್ ಮಾತು? ಅವರಿಗೆ ಓಟೇ ಇಲ್ವಲ್ಲ."

"ಓನರ್ ಯಾರ ಫೋನ್ ಬಂದ್ರೆ ನಗ್ತಾರೆ, ಯಾರ ಫೋನ್ ಬಂದ್ರೆ ಕಟ್ ಮಾಡ್ತಾರೆ ಅಂತ ಅವರಿಗೇ ಗೊತ್ತಿರೋದು."

ನಮ್ಮಂಥ ಮನೆ ಓನರುಗಳಿಗೆ ಒಂದು ಅಭ್ಯಾಸವಿದೆ. ಬಾಡಿಗೆದಾರರ ಎದುರಿಗೆ ನಾವು ಏನು ಬೇಕಾದರೂ ಮಾತಾಡುತ್ತೇವೆ, ಗೋಡೆಯ ಎದುರಿಗೆ ಮಾತಾಡಿದ ಹಾಗೆ. ಓಟಿಲ್ಲದವರಿಗೆ ಕಿವಿಯೂ ಇಲ್ಲ ಎಂದು ಯಾರೂ ನಮಗೆ ಹೇಳಿಕೊಟ್ಟಿಲ್ಲ, ನಾವೇ ಹಾಗೆಂದುಕೊಂಡುಬಿಟ್ಟಿದ್ದೇವೆ.

ಮೀಟರ್ ಸಾರ್ ಪ್ರತಿ ಗುರುವಾರ ಸಂಜೆ ಮ್ಯಾನೇಜರ ಮನೆಗೂ ಹೋಗುತ್ತಿದ್ದರು. ಕದ್ದು ಮುಚ್ಚಿ ಅಲ್ಲ, ನಮ್ಮ ಅಂಗಡಿ ಸಾಲಿನ ಮುಂದೆಯೇ ನಡೆದುಕೊಂಡು. ಕೇಳಿದರೆ, "ಆ ಕಡೆಯ ಓಟೂ ಎಣಿಸ್ಬೇಕಲ್ಲ. ಅಲ್ದೆ ಅವರ ಮನೆ ಕಾಫಿ ಚೆನ್ನಾಗಿರುತ್ತೆ" ಎಂದರು.

ಇದು ನನ್ನ ಭಾಮೈದ ಮುನಿರಾಜುಗೆ ಸಹಿಸಲಾಗಲಿಲ್ಲ. ಅವನೇ ನನ್ನ ಬಲಗೈ. "ಭಾವ, ನಮ್ಮನೆ ಕಾಫಿ ಬಗ್ಗೆ ಒಂದಿನ ಏನಾದ್ರೂ ಅಂದಿದಾರಾ ಆ ಮನುಷ್ಯ? ಅವರು ಅವರೇ, ನಾವು ನಾವೇ. ನಮ್ಮ ಜೊತೆ ತಿರುಗ್ತಾ ಇರೋದು ನಮ್ಮನ್ನ ಎಣಿಸೋಕೆ." ನಾನು ಅವನನ್ನು ಗದರಿಸಿದೆ. ಆದರೆ ಆ ಮಾತು ನನ್ನಲ್ಲಿ ಮೊದಲೇ ಇತ್ತು, ಅವನ ಬಾಯಿಂದ ಬಂತು ಅಷ್ಟೆ.

ಚುನಾವಣೆಗೆ ಎರಡು ವಾರವಿದ್ದಾಗ ಮೀಟರ್ ಸಾರ್ ಲೆಕ್ಕ ಹೇಳಿದರು. "ಇವತ್ತಿಗೆ ಒಂಬತ್ತು ಓಟು ಕಮ್ಮಿ, ಯಜಮಾನ್ರೇ."

"ಏನೂ ಮಾಡೋಕಾಗಲ್ವಾ ಸಾರ್?"

"ನಿಮ್ಮ ಊರಿನೋರೇ ಹದಿನೈದು ಜನ ವಸಂತಪುರ, ಕನಕಪುರ ರಸ್ತೆ ಕಡೆ ಮನೆ ಮಾಡ್ಕೊಂಡು ಹೋಗಿದಾರೆ. ಸೈಟು ಇಲ್ಲಿದೆ, ಅವರು ಅಲ್ಲಿದಾರೆ. ಮೋರಿ ವಿಷಯಕ್ಕೆ ಅಷ್ಟು ದೂರದಿಂದ ಯಾರೂ ಬರಲ್ಲ. ಬಂದ್ರೆ ನೀವು ಗೆದ್ರಿ."

ಅವರು ಹೋದ ಮೇಲೆ ಮುನಿರಾಜು, "ನಮ್ಮ ಧೈರ್ಯ ಕೆಡಿಸೋಕೆ ಕಳಿಸಿದಾರೆ" ಎಂದ. "ಒಂದು ಸುಳ್ಳು ಹೇಳಿ ನೋಡಿ ಭಾವ. ಅವರೊಬ್ಬರಿಗೇ ಹೇಳಿ. ಆ ಕಡೆ ಹೋಯ್ತು ಅಂದ್ರೆ ಗೊತ್ತಾಗುತ್ತೆ."

ಮರುದಿನ ಮೀಟರ್ ಸಾರ್ ನಮ್ಮ ಬಾಡಿಗೆ ಕಟ್ಟಡಕ್ಕೆ ಬಂದಿದ್ದರು. ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅವರನ್ನು ನಿಲ್ಲಿಸಿ ಹೇಳಿದೆ: "ಸಾರ್, ನಿಮಗೊಬ್ಬರಿಗೇ ಹೇಳ್ತಿದೀನಿ. ಗೆದ್ದ ಮೇಲೆ ನಾನೂ ಗೇಟು ಹಾಕ್ಸಿಬಿಡ್ತೀನಿ. ಈಗಲೇ ಹೇಳಿದ್ರೆ ನಮ್ಮೋರು ಸುಮ್ನಿರಲ್ಲ."

ಅವರು "ಹಾಗಿದ್ರೆ ನೀವ್ಯಾಕೆ ನಿಲ್ಬೇಕಿತ್ತು?" ಎಂದು ಕೇಳಿ ಕೆಳಗಿಳಿದು ಹೋದರು. ಆ ಪ್ರಶ್ನೆಯಲ್ಲಿ ಇದ್ದದ್ದು ಬೇಜಾರು. ನನಗೆ ಕಂಡದ್ದು, ಇವರು ಈಗ ನೇರ ಮ್ಯಾನೇಜರ ಮನೆಗೆ ಹೋಗುತ್ತಾರೆ ಎನ್ನುವುದು. ಮುನಿರಾಜುವನ್ನು ಹಿಂದೆಯೇ ಕಳಿಸಿದೆ. ಅವರು ಅವತ್ತು ತಮ್ಮ ಮನೆಗೇ ಹೋದರು. ಅದಕ್ಕೂ ನಾವು ಅರ್ಥ ಹಚ್ಚಿದೆವು: ಫೋನ್ ಮಾಡಿರ್ತಾರೆ.

ಆ ಭಾನುವಾರ ಮ್ಯಾನೇಜರು ತಮ್ಮ ಸಭೆಯಲ್ಲಿ, "ನಮ್ಮ ಎದುರಾಳಿಗಳೂ ಗೇಟಿಗೆ ಒಪ್ಪಿದ್ದಾರಂತೆ, ಸಂತೋಷ. ಅದನ್ನ ಬಹಿರಂಗವಾಗಿ ಹೇಳಲಿ" ಎಂದರು. ಸಂಜೆ ಹೊತ್ತಿಗೆ ಅಂಗಡಿಯವರೆಲ್ಲ ನನ್ನ ಮನೆಯ ಹಜಾರದಲ್ಲಿದ್ದರು. ಒಬ್ಬ, "ಏನ್ ಮಾವ, ನಮ್ಮ ಹೊಟ್ಟೆ ಮೇಲೇ ಹೊಡೆಯೋಕೆ ಹೊರಟ್ರಾ?" ಎಂದ. ಇಲ್ಲ ಕಣ್ರಪ್ಪ, ಒಬ್ಬರನ್ನು ಪರೀಕ್ಷೆ ಮಾಡಲು ಹೇಳಿದ ಸುಳ್ಳು ಅದು ಎಂದೆ. ಯಾರು ಆ ಒಬ್ಬರು ಎಂದರು. ನನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬರನ್ನು ಒಪ್ಪಿಸಲೇಬೇಕಾಯಿತು. ಅಷ್ಟೇ ಹೇಳಿದ್ದರೆ ಒಂದು ತೂಕದ ತಪ್ಪು. ನಾನು ಮರುದಿನ ಬೆಳಿಗ್ಗೆ ಪಾರ್ಕಿಗೂ ಹೋದೆ.

ಮೀಟರ್ ಸಾರ್ ಬೆಂಚಿನ ತುದಿಯಲ್ಲಿ ಕೂತಿದ್ದರು. ಎಲ್ಲರ ಮುಂದೆ ನಾನು ಅಂದದ್ದು ಇದು: "ಕಾಫಿಗೆ ಮಾರ್ಕೊಂಡ್ರಲ್ಲ ಸಾರ್. ಮೂವತ್ತು ವರ್ಷ ಮೀಟರೂ ಹೀಗೇ ಓದಿರ್ಬೇಕು ನೀವು. ಕಂಡಿದ್ದೊಂದು, ಬರ್ದಿದ್ದೊಂದು."

ಅವರು ಎದ್ದು ನಿಂತರು. ದನಿ ಏರಿಸಲಿಲ್ಲ.

"ಮೆಟ್ಟಿಲ ಮೇಲೆ ಮಾತಾಡ್ದಾಗ ಹಿಂದೆ ಒಂದು ಬಾಗಿಲು ತೆಗೆದಿತ್ತು. ನೀವು ನೋಡಿದ್ರಾ?"

"ಯಾರ ಬಾಗಿಲು? ಹೆಸರು ಹೇಳಿ."

ಹೇಳಲು ಬಾಯಿ ತೆಗೆದರು. ಮತ್ತೆ ಮುಚ್ಚಿಕೊಂಡರು. "ಬೇಡ ಬಿಡಿ" ಎಂದರು.

"ಹೆಸರಿದ್ರೆ ತಾನೇ ಹೇಳೋದು" ಎಂದು ಮುನಿರಾಜು ನಕ್ಕ. ಒಬ್ಬಿಬ್ಬರು ಅವನ ಜೊತೆ ನಕ್ಕರು. ಅವರು ಹೊರಟುಹೋದರು.

ಎರಡು ದಿನದ ಮೇಲೆ ಎರಡನೇ ಮಹಡಿಯ ಬಾಡಿಗೆದಾರರ ಹೆಂಡತಿ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಹುಡುಗಿ, ಮ್ಯಾನೇಜರ ಮೊಮ್ಮಗಳೂ ಅವಳ ಹತ್ತಿರ ಬರುತ್ತಿದ್ದಳು. "ಅಂಕಲ್, ನೀವೂ ಗೇಟ್ ಹಾಕಿಸ್ತೀರಂತೆ. ಅವತ್ತು ಮೆಟ್ಟಿಲ ಹತ್ರ ಹೇಳ್ತಿದ್ದಿದ್ದು ಕೇಳಿಸ್ತು. ನಮ್ಮ ಪಾಪು ರಸ್ತೇಲಿ ಆಡೋಕೆ ಭಯ ಇತ್ತು. ಮ್ಯಾನೇಜರ್ ಅಂಕಲ್‌ಗೂ ಹೇಳ್ದೆ, ಅವರಿಗೂ ಖುಷಿ ಆಯ್ತು."

ಪಾರ್ಕಿನಲ್ಲಿ ಮೀಟರ್ ಸಾರ್ ಯಾಕೆ ಬಾಯಿ ಮುಚ್ಚಿಕೊಂಡರು ಎಂದು ಆಗ ತಿಳಿಯಿತು. ಬಾಗಿಲು ಯಾರದ್ದೆಂದು ಅವರಿಗೆ ಗೊತ್ತಿತ್ತು. ಹೆಸರು ಹೇಳಿದರೆ ಆ ಹುಡುಗಿ ನನ್ನ ಮನೆ ಖಾಲಿ ಮಾಡಬೇಕಾಗುತ್ತದೆ ಎನ್ನುವುದೂ ಗೊತ್ತಿತ್ತು. ನಾನು ಎಂಥವನೆಂದು ಅವರು ಸರಿಯಾಗಿ ಅಂದಾಜು ಮಾಡಿದ್ದರು.

ಅವತ್ತೇ ಹೋಗಿ ಅವರ ಗೇಟಿನ ಮುಂದೆ ನಿಲ್ಲಬೇಕಿತ್ತು. ನಾನು ಆ ಹುಡುಗಿಗೆ, "ಆಯ್ತಮ್ಮ, ಇದನ್ನ ಇನ್ಯಾರಿಗೂ ಹೇಳ್ಬೇಡ" ಎಂದು ಹೇಳಿ ಮೇಲೆ ಹತ್ತಿದೆ. ಯಾಕೆಂದರೆ ಅಷ್ಟರಲ್ಲಿ ವಸಂತಪುರದಿಂದ ಫೋನುಗಳು ಬರತೊಡಗಿದ್ದವು. ಮುನಿರಾಜು ಎಲ್ಲರಿಗೂ ಹೇಳಿದ್ದ. "ಆಚೆಯೋನೊಬ್ಬ ನಮ್ಮೂರೋನಿಗೆ ಹೀಗ್ ಮಾಡಿದ್ನಂತೆ? ನಾವು ಬರ್ತೀವಿ ಬಿಡಿ." ಮೋರಿಗೆ ಬಾರದವರು ಅವಮಾನಕ್ಕೆ ಬರುವವರಿದ್ದರು. ನಾನು ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಒರಗಿ ನಿಂತು ಲೆಕ್ಕ ಹಾಕಿದೆ. ಒಂಬತ್ತು ಕಮ್ಮಿ ಇದೆ. ಹದಿನೈದು ಬರುತ್ತದೆ. ನಿಜ ಹೇಳಿದರೆ ಹದಿನೈದೂ ಬರುವುದಿಲ್ಲ. ಅವರಿಂದ ನಾನು ಕಲಿತ ಲೆಕ್ಕವನ್ನು ಅವರ ಮೇಲೆಯೇ ಹಾಕಿದೆ.

ಹದಿನೈದೂ ಬಂತು. ಆರು ಓಟಿನಲ್ಲಿ ಗೆದ್ದೆ.

ಅವರೂ ಓಟು ಹಾಕಲು ಬಂದಿದ್ದರು. ಸಾಲಿನಲ್ಲಿ ಅವರ ಹಿಂದೆ ಮುಂದೆ ಒಂದೊಂದು ಆಳಿನ ಜಾಗ ಖಾಲಿ ಬಿಟ್ಟು ಜನ ನಿಂತಿದ್ದರು. ಯಾರೂ ಹಾಗೆ ನಿಲ್ಲಿ ಎಂದು ಹೇಳಿರಲಿಲ್ಲ. ಅವರು ಯಾರಿಗೆ ಹಾಕಿದರೋ ಗೊತ್ತಿಲ್ಲ. ನನಗೇ ಹಾಕಿರಬಹುದು ಎನ್ನುವ ಅನುಮಾನ ನನ್ನ ಎಲ್ಲ ಅನುಮಾನಗಳಿಗಿಂತ ಹೆಚ್ಚು ಕಾಡಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದಾಗ ಆ ಟ್ಯೂಷನ್ ಹುಡುಗಿಯ ಮನೆಯವರಿಗೆ ಮುಂದುವರಿಸಲಿಲ್ಲ. ಮಗಳಿಗೆ ಮನೆ ಬೇಕು ಎಂದೆ. ಮಗಳಿಗೆ ಮನೆ ಬೇಕಿರಲಿಲ್ಲ. ನಿಜ ಗೊತ್ತಿದ್ದವಳು ದಿನಾ ಕಣ್ಣೆದುರು ಓಡಾಡುವುದು ನನಗೆ ಬೇಡವಾಗಿತ್ತು. ಈಗ ಅವರು ಸುದ್ದಗುಂಟೆಪಾಳ್ಯದಲ್ಲಿದ್ದಾರೆ ಎಂದು ಕೇಳಿದ್ದೇನೆ.

ಮೀಟರ್ ಸಾರ್ ಮತ್ತೆ ಪಾರ್ಕಿಗೆ ಬರಲಿಲ್ಲ. ಬೆಳಿಗ್ಗೆ ಮನೆ ಮುಂದಿನ ರಸ್ತೆಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ನನ್ನ ಕಾರು ಎದುರಾದರೆ ಪಕ್ಕಕ್ಕೆ ನಿಂತು ದಾರಿ ಬಿಡುತ್ತಿದ್ದರು. ಒಂದು ಸಲ ಗಾಜು ಇಳಿಸಿದೆ. "ಮೋರಿ ಕೆಲಸ ಚೆನ್ನಾಗಿ ಆಗಿದೆ" ಎಂದರು. ಅದರಲ್ಲಿ ಏನಾದರೂ ಕೊಂಕು ಇದೆಯೇ ಎಂದು ಮನೆ ಸೇರುವ ತನಕ ಹುಡುಕಿದೆ. ಇರಲಿಲ್ಲ. ಮೋರಿ ಕೆಲಸ ಚೆನ್ನಾಗಿಯೇ ಆಗಿತ್ತು.

ಕಳೆದ ತಿಂಗಳು ಅವರು ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆಗೆ ನಾನು ಹೋದೆ, ಅಧ್ಯಕ್ಷನಾದ್ದರಿಂದ ಕರೆದಿದ್ದರು. ಅವರ ಹೆಂಡತಿ ನನ್ನನ್ನು ಮುಂದಿನ ಪಂಕ್ತಿಯಲ್ಲೇ ಕೂರಿಸಿದರು. ಇವರಿಗೆ ಎಲ್ಲ ಗೊತ್ತಿದೆ, ಎಲೆಯ ಮುಂದೆ ಕೂರಿಸಿ ಕೇಳುತ್ತಾರೆ ಎಂದುಕೊಂಡು ಬೇಗ ಬೇಗ ಊಟ ಮುಗಿಸಿದೆ. ಕೈ ತೊಳೆದ ಮೇಲೆ ಆಕೆ ಹತ್ತಿರ ಬಂದರು.

"ಪಾರ್ಕಿಗೆ ಹೋಗೋದು ಅಂದ್ರೆ ಅವರಿಗೆ ಪ್ರಾಣ. ಇದ್ದಕ್ಕಿದ್ದ ಹಾಗೆ ಬಿಟ್ಬಿಟ್ರು. ಕೇಳಿದ್ರೆ ಹೇಳ್ತಿರ್ಲಿಲ್ಲ. ನೀವೆಲ್ಲ ಜೊತೆಲಿ ಕೂರ್ತಿದ್ದೋರು. ನಿಮಗೇನಾದ್ರೂ ಗೊತ್ತಾ?"

ಅವರು ಹೆಂಡತಿಗೂ ಹೇಳಿರಲಿಲ್ಲ. ಆಕೆ ನಿಜವಾಗಿ ತಿಳಿಯದೆ ಕೇಳುತ್ತಿದ್ದರು. ಹಿಂದೆ ಮುನಿರಾಜು ನಿಂತಿದ್ದ, ಪಾರ್ಕಿನ ಬೆಂಚಿನವರು ಮೂವರಿದ್ದರು. ಎಲ್ಲರೂ ನನ್ನ ಮುಖ ನೋಡಿದರು.

"ಮಂಡಿ ನೋವು ಅಂತಿದ್ರಮ್ಮ" ಎಂದೆ.

ಆ ಮೂವರೂ ಹೌದೆಂದು ತಲೆಯಾಡಿಸಿದರು.

ಈಗ ಮತ್ತೆ ಚುನಾವಣೆ ಬಂದಿದೆ. ನಾನು ನಿಂತಿಲ್ಲ, ಮುನಿರಾಜು ನಿಂತಿದ್ದಾನೆ. ಈ ಬರಹ ನೋಡಿ ಅವನು ಎರಡು ದಿನ ಮನೆಗೆ ಬರಲಿಲ್ಲ. ಮೂರನೇ ದಿನ ಬಂದು, "ಭಾವ, ಈ ಸಲವೂ ನಾಲ್ಕೈದು ಓಟಿನ ಆಟ. ಚುನಾವಣೆ ಮುಗಿದ ಮೇಲೆ ಅಚ್ಚು ಹಾಕ್ಸಿ, ನಾನೇ ಮುಂದೆ ನಿಂತು ಹಾಕಿಸ್ತೀನಿ" ಎಂದ. ಮುಗಿದ ಮೇಲೆ ಎನ್ನುವ ಮಾತನ್ನು ನಾನು ನನಗೇ ಒಮ್ಮೆ ಹೇಳಿಕೊಂಡಿದ್ದೆ. ಟೆರೇಸಿನ ಮೇಲೆ ನಿಂತಾಗ. ಸಂಚಿಕೆ ಚುನಾವಣೆಗೆ ಮೊದಲೇ ಪ್ರತಿ ಮನೆಗೂ ಹೋಗುತ್ತದೆ.

ಅವರ ಮನೆಗೂ ಹೋಗುತ್ತದೆ. ಅಮ್ಮ, ನಿಮ್ಮ ಯಜಮಾನರಿಗೆ ಮಂಡಿ ನೋವು ಇರಲಿಲ್ಲ. ಅವರು ಪಾರ್ಕಿಗೆ ಬರುವುದನ್ನು ನಾನು ಬಿಡಿಸಿದೆ. ಅವರು ಮಾರಿಕೊಂಡವರಲ್ಲ ಎಂದು ನನಗೆ ಎರಡೇ ದಿನದಲ್ಲಿ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದು ಗೆದ್ದೆ.